ಮೀನಿನ ತೊಟ್ಟಿಯ ನೀರು ಬದಲಿಸಿದ ದಿನ

ಬೋಧನಾಭ್ಯಾಸದ ಮೂರನೇ ವಾರ. ಹತ್ತನೇ ತರಗತಿಯ 'ಜೀವಕ್ರಿಯೆಗಳು' ಪಾಠದಲ್ಲಿ ಉಸಿರಾಟದ ಭಾಗ ನನಗೆ ಬಂದಿತ್ತು. ಪಠ್ಯಪುಸ್ತಕದಲ್ಲೇ ಒಂದು ಸರಳ ಚಟುವಟಿಕೆ ಇದೆ: ಮೀನು ನಿಮಿಷಕ್ಕೆ ಎಷ್ಟು ಸಲ ಬಾಯಿ ತೆರೆದು ಮುಚ್ಚುತ್ತದೆ ಎಂದು ಎಣಿಸಿ, ನಮ್ಮ ಉಸಿರಾಟದೊಂದಿಗೆ ಹೋಲಿಸುವುದು. ಶಾಲೆಯ ಪ್ರಯೋಗಾಲಯದಲ್ಲಿ ಸುಮಾರು 50 ಲೀಟರಿನ ತೊಟ್ಟಿಯಿತ್ತು, ಅದರಲ್ಲಿ ಐದು ಗೋಲ್ಡ್‌ಫಿಶ್. ಹಿಂದಿನ ದಿನ ಮಕ್ಕಳಿಂದ ಎಣಿಸುವ ಅಭ್ಯಾಸ ಮಾಡಿಸಿದಾಗ 75ರಿಂದ 85ರ ನಡುವೆ ಬಂದಿತ್ತು.

ಪಾಠದ ದಿನ ಕಾಲೇಜಿನಿಂದ ಮಾರ್ಗದರ್ಶಕಿ ಮೇಡಂ ಅವಲೋಕನಕ್ಕೆ ಬರುವವರಿದ್ದರು. ತೊಟ್ಟಿಯ ಗಾಜಿಗೆ ಪಾಚಿ ಹಿಡಿದಿತ್ತು, ನೀರು ಹಳದಿಯಾಗಿತ್ತು. ಬೆಳಿಗ್ಗೆ ಬೇಗ ಹೋಗಿ ನೀರನ್ನೆಲ್ಲ ಖಾಲಿ ಮಾಡಿದೆ. ಗಾಜು ಉಜ್ಜಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆದು, ನಲ್ಲಿ ನೀರನ್ನೇ ತುಂಬಿ ಮೀನು ಬಿಟ್ಟೆ. ಗಿಡಕ್ಕೆ ಹಾಕಲೆಂದು ಹಳೆಯ ನೀರು ಅರ್ಧ ಬಕೆಟ್ ಮಾತ್ರ ಮೂಲೆಯಲ್ಲಿ ಉಳಿದಿತ್ತು.

ಮೂರನೇ ಅವಧಿಯಲ್ಲಿ ಎಣಿಕೆ ಶುರುವಾಯಿತು. ಮೊದಲ ಗುಂಪು 128 ಎಂದಿತು, ಎರಡನೆಯದು 140. ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಾ ಹೋದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ನಿನ್ನೆ ಎಂಬತ್ತು ಇತ್ತಲ್ವಾ?" ಎಂದು ಕೇಳಿದಳು. ಕೊನೆಯ ಸಾಲಿನಲ್ಲಿ ಮೇಡಂ ಅವಲೋಕನ ಪತ್ರ ಹಿಡಿದು ಕೂತಿದ್ದರು. "ಹೊಸ ನೀರು ಬಂತಲ್ಲ, ಖುಷಿಯಾಗಿ ಚುರುಕಾಗಿವೆ" ಎಂದುಬಿಟ್ಟೆ. ನನಗೆ ಕಾರಣ ಗೊತ್ತಿರಲಿಲ್ಲ. ಪಾಠ ಯೋಜನೆಯ ಮುಂದಿನ ಹಂತಕ್ಕೆ ಹೋಗುವುದಷ್ಟೇ ಬೇಕಿತ್ತು.

ಹತ್ತು ನಿಮಿಷದಲ್ಲಿ ಐದೂ ಮೀನು ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದವು. ಒಂದು ಪಕ್ಕಕ್ಕೆ ವಾಲಿತು. ಪಾಠ ಯೋಜನೆ ಮುಚ್ಚಿಟ್ಟೆ.

ಮೊದಲು ಹೊಳೆದದ್ದು ಆಕ್ಸಿಜನ್. ಆದರೆ ಏರ್ ಪಂಪ್ ಸರಿಯಾಗಿಯೇ ಗುಳ್ಳೆ ಬಿಡುತ್ತಿತ್ತು. ಇನ್ನೂ ಜೋರು ಮಾಡಿದರೂ ವ್ಯತ್ಯಾಸವಾಗಲಿಲ್ಲ. ಒಬ್ಬ ಹುಡುಗ ಥರ್ಮಾಮೀಟರ್ ತಂದ. ತೊಟ್ಟಿಯಲ್ಲಿ 22 ಡಿಗ್ರಿ, ಬಕೆಟ್ಟಿನ ಹಳೆಯ ನೀರಿನಲ್ಲಿ 25. ಅದನ್ನು ನೋಡಿದ ಮೇಲೆಯೇ ಬಕೆಟ್ಟಿನ ನೆನಪಾದದ್ದು. ಅರ್ಧ ಬಕೆಟ್ಟಿಗೆ ಐದನ್ನೂ ಹಾಕಿದರೆ ಉಸಿರುಗಟ್ಟೀತೆಂದು ಹೆದರಿ ಮೂರನ್ನು ಮಾತ್ರ ಹಾಕಿದೆ.

ಅಷ್ಟರಲ್ಲಿ ಗಲಾಟೆ ಕೇಳಿ ಬಿಸಿಯೂಟದ ಅಡುಗೆಯಮ್ಮ ಬಾಗಿಲಿಗೆ ಬಂದರು. "ಆ ನಲ್ಲಿ ನೀರ್ ಹಾಕುದ್ರಾ ಮೇಡಮ್ಮಾರೆ? ನಿನ್ನೆ ಸಂಜೆ ಟ್ಯಾಂಕ್ ತೊಳ್ದು ಬ್ಲೀಚಿಂಗ್ ಪೌಡರ್ ಹಾಕವ್ರೆ. ವಾಸ್ನೆ ಅಂತ ನಾನು ಅನ್ನಕ್ಕೆ ಬೋರ್ ನೀರ್ ತಂದೆ." ಆ ನೀರನ್ನು ಬೆಳಿಗ್ಗೆಯಿಂದ ಬಳಸಿದ್ದವಳು ನಾನು. ಮೂಸಿ ನೋಡಬೇಕೆಂದು ನನಗೆ ಅನ್ನಿಸಿರಲಿಲ್ಲ.

ಲೆಡ್ ನೈಟ್ರೇಟಿನ ಪ್ರಯೋಗಕ್ಕೆಂದು ತಂದಿದ್ದ ಪೊಟ್ಯಾಸಿಯಂ ಅಯೋಡೈಡ್ ಪ್ರಯೋಗಾಲಯದಲ್ಲಿತ್ತು. ಅಡುಗೆಮನೆಯಿಂದ ಗಂಜಿಯ ತಿಳಿ ಬಂತು. ಕ್ಲೋರಿನ್ ಇದ್ದರೆ ಅಯೋಡೈಡಿನಿಂದ ಅಯೋಡಿನ್ ಬಿಡುಗಡೆಯಾಗಿ ಗಂಜಿಯ ಪಿಷ್ಟವನ್ನು ನೀಲಿ ಮಾಡುತ್ತದೆ. ತೊಟ್ಟಿಯ ನೀರಿದ್ದ ಪ್ರನಾಳ ತಿಳಿನೀಲಿಯಾಯಿತು. ಬಕೆಟ್ಟಿನ ನೀರು ಹಾಗೆಯೇ ಉಳಿಯಿತು. ಶಾಲೆಯ ವಿಜ್ಞಾನ ಶಿಕ್ಷಕರು ಸೋಡಿಯಂ ಥಯೋಸಲ್ಫೇಟ್ ಹರಳು ತೆಗೆದುಕೊಟ್ಟರು. 1 ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು 7 ಮಿಲಿಗ್ರಾಂ ಹರಳು ಸಾಕು. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಇದೆಯೆಂದುಕೊಂಡರೂ ನಮ್ಮ ತೊಟ್ಟಿಗೆ ಒಂದು ಗ್ರಾಂ ಬೇಕಾಗಲಿಲ್ಲ. ಅದನ್ನು ಕರಗಿಸಿದ ಮೇಲೆ ಪರೀಕ್ಷಿಸಿದಾಗ ನೀಲಿ ಬರಲಿಲ್ಲ. ಆದರೆ ತೊಟ್ಟಿಯಲ್ಲಿ ಉಳಿದಿದ್ದ ಎರಡು ಮೀನು ಮಧ್ಯಾಹ್ನದೊಳಗೆ ಸತ್ತವು. ಬಕೆಟ್ಟಿನ ಮೂರು ಸಂಜೆ ಹೊತ್ತಿಗೆ ನಿಮಿಷಕ್ಕೆ 95ಕ್ಕೆ ಇಳಿದಿದ್ದವು.

ಹೋಗುವ ಮುನ್ನ ಮೇಡಂ ಹೇಳಿದ್ದು ಒಂದೇ ಮಾತು: "ಆ ಹುಡುಗಿಗೆ 'ಗೊತ್ತಿಲ್ಲ, ನೋಡೋಣ' ಅಂದಿದ್ದರೆ ಹತ್ತು ನಿಮಿಷ ಉಳಿಯುತ್ತಿತ್ತಮ್ಮ."

ಮರುದಿನ ತರಗತಿಯಲ್ಲಿ ಮೊದಲು ಅದನ್ನೇ ಹೇಳಿದೆ: ನಿನ್ನೆ ಖುಷಿ ಅಂದದ್ದು ತಪ್ಪು, ತಿಳಿಯದೇ ಹೇಳಿದೆ. ಆಮೇಲೆ ಪಾಠ ಮುಂದುವರಿಯಿತು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಮ್ಮ ದೇಶದ ಮಾನದಂಡ. ನಾವು ಅದನ್ನು ಕುಡಿಯುತ್ತೇವೆ, ಮೀನು ಅದರಲ್ಲೇ ಉಸಿರಾಡುತ್ತದೆ. ಕಿವಿರಿನಲ್ಲಿ ರಕ್ತಕ್ಕೂ ನೀರಿಗೂ ನಡುವೆ ಇರುವುದು ಬಲು ತೆಳುವಾದ ಪದರ. ಕ್ಲೋರಿನ್ ಅದನ್ನು ಸುಟ್ಟರೆ ನೀರಿನಲ್ಲಿ ಆಕ್ಸಿಜನ್ ಇದ್ದರೂ ಒಳಗೆ ಹೋಗುವುದಿಲ್ಲ. ಪಂಪ್ ಜೋರು ಮಾಡಿದ್ದು ಅದಕ್ಕೇ ಫಲ ಕೊಡಲಿಲ್ಲ.

"ಕ್ಲೋರಿನ್‌ನಿಂದಲೇ ಅಂತ ಹೇಗೆ ಹೇಳ್ತೀರಾ ಮಿಸ್? ನೀರು ತಣ್ಣಗೂ ಇತ್ತಲ್ಲ?" ಎಂದ ಥರ್ಮಾಮೀಟರಿನ ಹುಡುಗ. ಈ ಸಲ ಆತುರಪಡಲಿಲ್ಲ. ತೊಟ್ಟಿಗೂ ಬಕೆಟ್ಟಿಗೂ ತಾಪದಲ್ಲೂ ವ್ಯತ್ಯಾಸ, ಕ್ಲೋರಿನ್‌ನಲ್ಲೂ ವ್ಯತ್ಯಾಸ. ಕ್ಲೋರಿನ್ ಇತ್ತೆಂದು ಪರೀಕ್ಷೆಯಲ್ಲಿ ಕಂಡದ್ದರಿಂದ ಹೆಚ್ಚಿನ ಅನುಮಾನ ಅದರ ಮೇಲೆ, ಆದರೆ ತಾಪದ ಪಾತ್ರವೇ ಇಲ್ಲವೆನ್ನಲು ನಮ್ಮಲ್ಲಿ ಆಧಾರವಿಲ್ಲ ಎಂದೆ. ಚರಗಳ ಬಗ್ಗೆ ಬಿ.ಇಡಿ. ತರಗತಿಯಲ್ಲಿ ಟಿಪ್ಪಣಿ ಬರೆದುಕೊಂಡಿದ್ದೆ. ಅದು ಅರ್ಥವಾದದ್ದು ಅವನ ಪ್ರಶ್ನೆಯಿಂದ.

ಇನ್ನೊಂದು ತಪ್ಪಿನ ಫಲ ಬರುವುದಿತ್ತು. ಮೀನಿನ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಸ್ಪಂಜಿನಲ್ಲೇ ಹೆಚ್ಚಾಗಿ ಇರುತ್ತವೆ. ಕೊಳೆಯೆಂದು ನಾನು ಹಿಂಡಿ ತೆಗೆದದ್ದು ಅವನ್ನೇ. ಅವು ಮತ್ತೆ ಬೆಳೆಯಲು ವಾರಗಳು ಬೇಕು. ಅಲ್ಲಿಯವರೆಗೆ ಆಹಾರ ಕಡಿಮೆ, ಎರಡು ದಿನಕ್ಕೊಮ್ಮೆ ಕಾಲು ಭಾಗ ಮಾತ್ರ ನೀರು ಬದಲಾವಣೆ, ಅದೂ ಒಂದು ದಿನ ತೆರೆದಿಟ್ಟು ಗಂಜಿ ಪರೀಕ್ಷೆ ಮಾಡಿ ತಾಪ ನೋಡಿದ ನೀರು ಎಂದು ಮಕ್ಕಳೇ ಪಾಳಿ ಹಾಕಿಕೊಂಡರು.

ಈ ಚಟುವಟಿಕೆ ಮಾಡಿಸುವ ಗೆಳೆಯರಿಗೆ ನನ್ನ ಕೋರಿಕೆ: ಪಾಠದ ದಿನ ತೊಟ್ಟಿ ತೊಳೆಯಬೇಡಿ, ಹಳದಿ ನೀರಿನಲ್ಲೂ ಮೀನಿನ ಬಾಯಿ ಕಾಣುತ್ತದೆ. ನೀರು ಎಲ್ಲಿಂದ ಬರುತ್ತದೆಂದು ಶಾಲೆಯ ಅಡುಗೆಯವರನ್ನು ಕೇಳಿ. ಹಿಂದಿನ ದಿನದ ಎಣಿಕೆಯನ್ನು ಬರೆದಿಡಿ. ಆ ಎಂಬತ್ತನ್ನು ಹುಡುಗಿ ನೆನಪಿಟ್ಟಿರದಿದ್ದರೆ 128 ನಮ್ಮ ಹಲಗೆಯ ಮೇಲೆ ಸರಿಯುತ್ತರವಾಗಿಯೇ ಉಳಿಯುತ್ತಿತ್ತು.