ಚರ್ಚಿನ ಹುಡುಗರು ಹಚ್ಚಿದ ಸಂಜೀ ಸಾಲಿ

ನಾನು ಓದಿದ್ದು ಏಳನೆಯ ಇಯತ್ತೆ. ಪದ ಹಾಡು ಅಂದರ ಬೆಳತನಕ ಹಾಡೇನು, ಬರಿ ಅಂದರ ಕೈ ನಡಗತೈತಿ. ಆದರೆ ನಮ್ಮ ವಾಚನಾಲಯದ ಗುರುಗಳು "ಕಾಕಾ, ಸಂಜೀ ಸಾಲೀ ಸುದ್ದಿ ನೀವ ಬರೀಬೇಕು, ನೀವು ಅದರಾಗ ಇದ್ದವರು" ಎಂದು ಬೆನ್ನು ಹತ್ತಿದರು. ಅದಕ್ಕೆ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಮ್ಮದು ಜತ್ತ ತಾಲೂಕಿನ ಮೂಡಣ ದಿಕ್ಕಿನ ಊರು. ಮಳೆ ಬಂದರೆ ಸಜ್ಜಿ, ತೊಗರಿ, ಬಿಳಿಜೋಳ. ಬರದಿದ್ದರೆ ಏನೂ ಇಲ್ಲ. ದೀಪಾವಳಿ ಅಮಾಸಿಗೆ ನಾವು ಡೊಳ್ಳಿನ ಮೇಳದವರು ಹುಲಜಂತಿ ಮಾಳಿಂಗರಾಯನ ಜಾತ್ರೆಗೆ ಹೋಗುತ್ತೇವೆ. ಪಲ್ಲಕ್ಕಿ ಭೆಟ್ಟಿ ನೋಡಿ, ಭಂಡಾರ ಮೈತುಂಬ ಹಚ್ಚಿಕೊಂಡು ತಿರುಗಿ ಬರುವಷ್ಟರಲ್ಲಿ ಊರಿನ ಅರ್ಧ ಕೇರಿಗೆ ಕೀಲಿ ಬಿದ್ದಿರುತ್ತದೆ. ಕಬ್ಬು ಕಡಿಯುವ ಗ್ಯಾಂಗಿನವರು ಹೋಗಿಬಿಟ್ಟಿರುತ್ತಾರೆ. ಮಳೆಗಾಲದಲ್ಲೇ ಮುಕಾದಮನ ಕೈಯಿಂದ ಉಚಲ ತಗೊಂಡು ತಿಂದಿರುತ್ತಾರೆ, ಅದನ್ನು ದುಡಿದು ತೀರಿಸಬೇಕು. ಗಂಡ ಹೆಂಡತಿ ಇಬ್ಬರೂ ಕೂಡಿದರೆ ಒಂದು ಕೋಯ್ತಾ ಎಂದು ಲೆಕ್ಕ. ಮಕ್ಕಳದು ಯಾವ ಲೆಕ್ಕದಲ್ಲೂ ಇಲ್ಲ. ಕೆಲವರು ಟ್ರ್ಯಾಕ್ಟರಿನ ಮೇಲೆ ಸಾಮಾನಿನ ಸಂಗಡ ಕೂತು ಹೋಗುತ್ತಾರೆ, ಕೆಲವರು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಯುಗಾದಿ ಸನಿಹ ಬರುವ ತನಕ ಅವರಿಗೆ ಅವ್ವ ಅಪ್ಪ ಅಂದರೆ ಫೋನಿನೊಳಗಿನ ದನಿ ಅಷ್ಟೇ.

ಮೂರು ವರ್ಷದ ಹಿಂದಿನ ಮಾತು. ನಮ್ಮೂರ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಚರ್ಚು ಇದೆ. ಪತ್ರಾ ಹೊದಿಸಿದ ಎರಡು ಖೋಲಿ. ಹದಿನೈದು ಇಪ್ಪತ್ತು ಮನೆಯವರು ಅಜ್ಜ ಮುತ್ಯಾರ ಕಾಲದಿಂದ ಐತವಾರ ಅಲ್ಲಿ ಕೂಡುತ್ತಾರೆ. ಅವರಲ್ಲಿಯೂ ಅರ್ಧ ಮಂದಿ ಕಬ್ಬಿಗೆ ಹೋಗುವವರೇ. ಆ ಚರ್ಚಿನ ಪಾಸ್ಟರು ಒಂದು ದಿನ ಮಿರಜ ಕಡೆಯ ಆರು ಮಂದಿ ಹುಡುಗ ಹುಡುಗಿಯರನ್ನು ಕರಕೊಂಡು ವಾಚನಾಲಯಕ್ಕೆ ಬಂದರು. ಅವರು ಬೇರೆ ಬೇರೆ ಚರ್ಚುಗಳ ತರುಣರು ಕೂಡಿ ಮಾಡಿಕೊಂಡ ಸಂಘದವರು. ಒಬ್ಬಳು ನರ್ಸಿಂಗ್ ಕಲಿಯುವವಳು, ಇಬ್ಬರು ಕಾಲೇಜಿನವರು, ಉಳಿದವರು ಸಣ್ಣ ನೌಕರಿಯವರು. ಅವರ ಪದ್ಧತಿ ಹೀಗಿತ್ತು: ದುಡಿಮೆಯ ಕೈ ಸಂಘದ್ದು, ಜಾಗ ಆಯಾ ಊರಿನ ಚರ್ಚಿನದು, ಕಾಳುಕಡಿ ಆ ಚರ್ಚಿನ ಮನೆಗಳದು. ನಮ್ಮ ಸುತ್ತಿನ ನಾಲ್ಕು ಊರಲ್ಲಿ ಹಾಗೆ ಸಂಜೆ ಸಾಲಿ ಹಚ್ಚಿದ್ದರು. ಗ್ಯಾಂಗಿಗೆ ಹೋದವರ ಮಕ್ಕಳಿಗೆ ಒಂದು ಹೊತ್ತು ಊಟ, ಎರಡು ತಾಸು ಪಾಠ. ನಮ್ಮೂರಲ್ಲಿ ಮೂವತ್ನಾಲ್ಕು ಮಕ್ಕಳ ಹೆಸರು ಬಂದಿತ್ತು, ಚರ್ಚಿನ ಖೋಲಿ ಸಾಲುತ್ತಿರಲಿಲ್ಲ. "ವಾಚನಾಲಯದ ಪಡಸಾಲಿ ಕೊಡ್ರಿ" ಎಂದು ಕೇಳಲು ಬಂದಿದ್ದರು.

ಆ ಸಂಜೆ ಕೂಡಿದ ಸಭೆಯಲ್ಲಿ ಜಗಳವೇ ಆಯಿತು. ಒಬ್ಬ ಹಿರಿಯರು, "ಮೊದಲ ಗಂಜಿ, ಆಮ್ಯಾಲ ಪುಸ್ತಕ, ಆಮ್ಯಾಲ ಹೆಸರ ಬದಲಿ. ನಮಗೇನು ತಿಳಿಯಂಗಿಲ್ಲೇನು?" ಅಂದರು. ಇನ್ನೊಬ್ಬರು, "ಮಿರಜದಾಗ ವಾನ್ಲೆಸ್ ಡಾಕ್ಟರು 1894ರಾಗ ಕಟ್ಟಿದ ಮಿಶನ್ ದವಾಖಾನಿಗೆ ನಮ್ಮ ಮುತ್ಯಾರು ಗಾಡಿ ಹೂಡಿಕೊಂಡು ಹೋಗತಿದ್ದರು. ಅವಾಗ ಯಾರ ಹೆಸರು ಬದಲಿ ಆತು?" ಎಂದರು. ಮೊದಲಿನವರು ಸುಮ್ಮನಾಗಲಿಲ್ಲ. "ದವಾಖಾನಿಗೆ ನಾವ ಹೋಗತಿದ್ದಿವಿ. ಇಲ್ಲಿ ಅವರ ಬಂದಾರ. ಅದೂ ಅವ್ವ ಅಪ್ಪ ಊರಾಗ ಇಲ್ಲದ ಮಕ್ಕಳ ಹತ್ತರ." ಆ ಮಾತಿನಲ್ಲಿ ತೂಕ ಇತ್ತು. ನನ್ನ ಹೊಟ್ಟೆಯೊಳಗೂ ಅದೇ ಸಂಶಯ ಇತ್ತು, ಸುಳ್ಳು ಯಾಕೆ ಬರೆಯಲಿ.

ನಾನು ಎದ್ದು ಆ ನರ್ಸಿಂಗ್ ಹುಡುಗಿಯನ್ನು ನೇರ ಕೇಳಿದೆ. "ತಂಗಿ, ಮಕ್ಕಳಿಗೆ ಅನ್ನ ಕೊಡ್ರಿ, ಅಕ್ಷರ ಕೊಡ್ರಿ. ದೇವರನ್ನ ಅವರ ಅವ್ವ ಅಪ್ಪ ಕೊಟ್ಟಾರ. ಅದಕ್ಕ ಏನಂತಿ?" ಆಕೆ ಗಾಬರಿಯಾಗಲಿಲ್ಲ. "ಅಜ್ಜಾರ, ಯೇಸು ಹೇಳ್ಯಾನಂತ ನಾವು ಬಂದೀವಿ. ಅದನ್ನ ಮುಚ್ಚಿಡಂಗಿಲ್ಲ. ನಮ್ಮ ಪ್ರಾರ್ಥನಾ ನಾವು ಚರ್ಚಿನಾಗ ಮಾಡಕೋತೀವಿ, ಮಕ್ಕಳಿಗೆ ಮಾಡ್ರಿ ಅನ್ನಂಗಿಲ್ಲ. ಬಾಗಲಾ ತೆರದ ಇರತೈತಿ, ಯಾರ ಬೇಕಾದರೂ ಬಂದು ಕೂಡ್ರಿ. ಹಾಡು ಬೇಕಂದರ ನೀವ ಕಲಸ್ರಿ" ಅಂದಳು.

ಆ ಕ್ಷಣ ನನಗೆ 1972ರ ಬರ ನೆನಪಾಯಿತು. ಆಗ ನಾನು ಏಳನೆಯ ಇಯತ್ತೆಯಲ್ಲಿದ್ದೆ. ಬಾವಿ ತಳ ಕಂಡಿದ್ದವು, ದನ ಮಾರಿ ಆಗಿತ್ತು. ಪರೀಕ್ಷೆ ಮುಗಿದ ಮರುದಿನವೇ ಅಪ್ಪ ನನ್ನ ಕೈಯಲ್ಲಿ ಸುತ್ತಿಗೆ ಕೊಟ್ಟ. ಸರಕಾರದ ಬರಗಾಲದ ಕೆಲಸದ ಮೇಲೆ ಖಡಿ ಒಡೆಯಲು ಹೋದೆ. ಸಾಲಿ ಅಲ್ಲಿಗೇ ಮುಗಿಯಿತು. ಕೆಲಸದ ಜಾಗದಲ್ಲಿ ಸುಕಡಿ ಹಂಚುತ್ತಿದ್ದರು. ಅವ್ವ ತನ್ನ ಪಾಲಿನದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನ ತಂಗಿಗೆ ತಿನ್ನಿಸುತ್ತಿದ್ದಳು. ಮನೆಯಲ್ಲಿ ಅಮೇರಿಕಾದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ. ತಿಂದರೆ ಹೊಟ್ಟೆ ಕಡಿತ, ತಿನ್ನದಿದ್ದರೆ ಜೀವ ಹೋಗುತ್ತಿತ್ತು. ಅದು ಎಲ್ಲಿಂದ ಬಂತು, ಬಿತ್ತಿದವನ ದೇವರು ಯಾರು ಎಂದು ಅವ್ವ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಜೀವ ಉಳಿಸಿಕೊಳ್ಳುವಾಗ ಕೇಳದ ಪ್ರಶ್ನೆಯನ್ನು ಇನ್ನೊಬ್ಬರ ಮಗುವಿನ ಊಟದ ಹೊತ್ತಿಗೆ ಕೇಳುತ್ತಿದ್ದೇನಲ್ಲ ಅನ್ನಿಸಿತು. "ಪಡಸಾಲಿ ಕೊಡೋಣ. ದಿನಾ ನಾನು ಬಂದು ಕೂಡತೇನಿ. ಏನರ ವಾಂಕು ಕಂಡರ ನಾನ ಮೊದಲ ಬಾಗಲಾ ಹಾಕತೇನಿ" ಎಂದು ಹೇಳಿದೆ. ಸಭೆ ಒಪ್ಪಿತು, ಅರೆಮನಸ್ಸಿನಿಂದ.

ಕಾವಲು ಕೂಡಲು ಹೋದವ ನಾನು ಎಂಟು ದಿನದಲ್ಲಿ ಕೆಲಸಕ್ಕೆ ಬಿದ್ದೆ. ಆ ಹುಡುಗರಲ್ಲಿ ಇಬ್ಬರಿಗೆ ಮಾತ್ರ ಕನ್ನಡ ಬರುತ್ತಿತ್ತು, ಉಳಿದವರು ಮರಾಠಿಯವರು. ನಮ್ಮ ಮಕ್ಕಳದು ಜಿಲ್ಲಾ ಪರಿಷತ್ತಿನ ಕನ್ನಡ ಸಾಲಿ. ಮಗು ಒಂದು ಹೇಳಿದರೆ ಅವರಿಗೆ ಇನ್ನೊಂದು ತಿಳಿಯುತ್ತಿತ್ತು. ನಡುವೆ ನಾನು ದುಭಾಷಿ. ಕನ್ನಡ ಸಾಲಿಯ ಗುರುಗಳೂ ವಾರಕ್ಕೆ ಎರಡು ದಿನ ಬಂದು ಕೂಡಹತ್ತಿದರು. ಆರು ಗಂಟೆಗೆ ಮೊದಲು ಊಟ: ರೊಟ್ಟಿ, ಝುಣಕ, ಬ್ಯಾಳಿ, ಒಮ್ಮೊಮ್ಮೆ ತತ್ತಿ. ಆಮೇಲೆ ಓದು, ಲೆಕ್ಕ. ಆ ಹುಡುಗಿ ಮಕ್ಕಳ ಉಗುರು, ಕಣ್ಣು, ತಲೆ ನೋಡುತ್ತಿದ್ದಳು. ಕಜ್ಜಿ ಇದ್ದವರಿಗೆ ಔಷಧ ಹಚ್ಚಿ, ಅವರ ಅಜ್ಜಿಯನ್ನು ಕರೆದು ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಲು ಹೇಳುತ್ತಿದ್ದಳು. ಮಗ್ಗಿ ಬಾಯಿಗೆ ಹತ್ತದ ಹುಡುಗರಿಗೆ ನಾನು ಡೊಳ್ಳಿನ ಗತ್ತಿನ ಮೇಲೆ ಮಗ್ಗಿ ಹೇಳಿಕೊಟ್ಟೆ. ಹದಿನಾರರ ಮಗ್ಗಿ ಡೊಳ್ಳಿಗೆ ಬಹಳ ಚಲೋ ಕೂಡುತ್ತದೆ, ನೀವೂ ನೋಡಿರಿ.

ಅವರಿಂದ ನಾನೂ ಕೆಲವು ಸಂಗತಿ ಕಲಿತೆ. ಐತವಾರದ ಸಾಲಿ ಅಂದರೆ ಬರೀ ಬೈಬಲ್ ಹೇಳಲಿಕ್ಕೆ ಹುಟ್ಟಿದ್ದು ಎಂದು ತಿಳಿದಿದ್ದೆ. ಹಾಗಲ್ಲವಂತೆ. ಇಂಗ್ಲೆಂಡಿನ ಗ್ಲಾಸ್ಟರ್ ಎಂಬ ಊರಲ್ಲಿ ಗುಂಡುಸೂಜಿ ಕಾರಖಾನೆಗಳಿದ್ದವು. ಬಡವರ ಮಕ್ಕಳು ವಾರದ ಆರು ದಿನ ಅಲ್ಲಿ ದುಡಿಯುತ್ತಿದ್ದರು. ಸೂಟಿ ಇದ್ದದ್ದು ಐತವಾರ ಒಂದೇ. ಅದಕ್ಕೆ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯ ಮಾಲಕರು 1780ರಲ್ಲಿ ಆ ದಿನವೇ ಅವರಿಗೆ ಓದು ಕಲಿಸುವ ಸಾಲಿ ಹಚ್ಚಿಸಿದರು. ಬೈಬಲ್ಲೂ ಇತ್ತು, ಅಕ್ಷರವೂ ಇತ್ತು. ಅಂದಿನ ಸೂಜಿ ಕಾರಖಾನೆ, ಇಂದಿನ ಸಕ್ಕರೆ ಕಾರಖಾನೆ. ಮಕ್ಕಳ ಹಣೇಬರಹ ಒಂದೇ ಅನ್ನಿಸಿತು. ಮಿಜೋರಾಂದ ಚರ್ಚಿನವರ ಸುದ್ದಿಯನ್ನೂ ಹೇಳಿದರು. ಅಲ್ಲಿ ಹೆಣ್ಣುಮಕ್ಕಳು ಅಡಿಗೆಗೆ ಅಕ್ಕಿ ಹಾಕುವಾಗ ಪ್ರತಿ ಸಲ ಒಂದು ಹಿಡಿ ತೆಗೆದಿಡುತ್ತಾರೆ. ಅದನ್ನು ಕೂಡಿಸಿ ಚರ್ಚಿನ ಕೆಲಸ ನಡೆಸುತ್ತಾರೆ. "ಇದೇನ ಹೊಸಾದು? ನಮ್ಮ ಭಾವುರಾವ ಪಾಟೀಲರೂ ಹಂಗ ಹಿಡಿ ಕಾಳು ಕೂಡಿಸಿದವರ" ಎಂದು ನಾನು ಹೇಳಿದೆ. ಕರ್ಮವೀರರು 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಹುಡುಗರನ್ನು ಒಂದೇ ಬೋರ್ಡಿಂಗಿನಲ್ಲಿ ಇಟ್ಟು ಓದಿಸಿದರು. ಆ ಮಕ್ಕಳ ಊಟಕ್ಕಾಗಿ ಅವರ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಬಂಗಾರ ಮಾರಿದ್ದನ್ನು ನಮ್ಮ ಕಡೆ ಯಾರು ಕೇಳಿಲ್ಲ? ಕೇಳಿದ್ದೇವೆ, ಹಾಡಿದ್ದೇವೆ, ಮಾಡಿಲ್ಲ. ಅದು ನಮ್ಮ ಲೆಕ್ಕ.

ಎಲ್ಲ ಚಲೋ ಆಯಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಐದನೆಯ ಇಯತ್ತೆಯ ಒಬ್ಬ ಹುಡುಗಿ ಇದ್ದಳು. ಬಹಳ ಚುರುಕು. ನಾನು ಒಂದು ಸಲ ಹೇಳಿದ ಪದ ಎರಡನೇ ಸಲಕ್ಕೆ ಅವಳ ಬಾಯಲ್ಲಿ ಇರುತ್ತಿತ್ತು. ಸಂಕ್ರಾಂತಿ ಮುಗಿದ ವಾರ ಅವಳ ಅಪ್ಪ ಕಾರಖಾನೆಯ ಊರಿಂದ ಬಂದ. ಹೆಂಡತಿ ಹಡೆದಿದ್ದಳು, ಹದಿನೈದು ದಿನಕ್ಕೆ ತಿರುಗಿ ಕೋಯ್ತಾ ಹಿಡಿಯಬೇಕು, ಕೂಸು ನೋಡಿಕೊಳ್ಳಲು ಈ ಹುಡುಗಿ ಬೇಕು. ಸಂಘದ ಹುಡುಗನೊಬ್ಬ ಸಿಟ್ಟಿಗೆದ್ದು, "ಸಾಲಿ ಬಿಡಸೂದು ಕಾಯದೇಕ ವಿರುದ್ಧ ಐತಿ" ಅಂದ. ಆ ಅಪ್ಪ ಅವನ ಮುಖ ನೋಡಿ, "ಖರೆ ಐತಿ ತಮ್ಮಾ. ಹಂಗಾರ ಕೂಸನ್ನ ನೀ ಹಿಡಕೋತಿಯೇನು?" ಎಂದ. ಯಾರಿಗೂ ಉತ್ತರ ಬರಲಿಲ್ಲ. ಅವಳು ಪಾಟಿ ಚೀಲವನ್ನು ನನ್ನ ಕೈಯಲ್ಲಿ ಕೊಟ್ಟು, "ಅಜ್ಜಾ, ಇದನ್ನ ಇಲಿ ಕಡೀದಂಗ ಇಡು" ಎಂದು ಹೇಳಿ ಹೋದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐವತ್ತು ವರ್ಷದ ಹಿಂದೆ ನನ್ನ ಚೀಲವನ್ನು ಇಡಲು ಒಬ್ಬರೂ ಇರಲಿಲ್ಲ.

ಮರುದಿನ ಪಾಸ್ಟರು ಫೋನು ಹಚ್ಚಿ ಕೂತರು. ಆ ಕಾರಖಾನೆಯ ಊರಿನಲ್ಲಿಯೂ ಒಂದು ಚರ್ಚು ಇತ್ತು, ಅಲ್ಲಿಯೂ ಸಂಘದ ನಾಲ್ಕು ಹುಡುಗರು ಇದ್ದರು. ಅವರು ಕಬ್ಬಿನವರ ಗುಡಿಸಲು ಹುಡುಕಿಕೊಂಡು ಹೋದರು. ವಾರಕ್ಕೆ ಎರಡು ಸಂಜೆ ಅಲ್ಲಿಯೇ ಗಿಡದ ಕೆಳಗೆ ಹತ್ತು ಹನ್ನೆರಡು ಮಕ್ಕಳನ್ನು ಕೂಡ್ರಿಸಿ ಓದಿಸಿದರು. ನಮ್ಮ ಹುಡುಗಿ ಕೂಸನ್ನು ಬಗಲಲ್ಲಿ ಹೊತ್ತುಕೊಂಡೇ ಬರುತ್ತಿದ್ದಳಂತೆ. ಕೆಲವು ದಿನ ಬಂದಳು, ಕೆಲವು ದಿನ ಬರಲಿಲ್ಲ. ಹಲವು ಊರಿನ ಚರ್ಚುಗಳು ಒಂದಕ್ಕೊಂದು ಕೈ ಹಿಡಿದರೆ ಏನಾಗುತ್ತದೆ ಎಂಬುದು ನನಗೆ ಆಗ ತಿಳಿಯಿತು. ಮಗು ಹೋದಲ್ಲಿ ಸಾಲಿ ಹೋಗಬೇಕು. ಸಾಲಿ ಇದ್ದಲ್ಲಿಗೆ ಮಗು ಬರಲಿ ಅಂದರೆ ಇಂಥ ಮಕ್ಕಳಿಗೆ ಆಗದ ಮಾತು. ಯುಗಾದಿಗೆ ಅವಳು ಬಂದಾಗ ಕೈಯೆಲ್ಲ ಕಬ್ಬಿನ ಗರಿ ಕೊಯ್ದ ಗೆರೆ. ಆದರೆ ಓದು ಮರೆತಿರಲಿಲ್ಲ. ಗುರುಗಳು ಆರನೆಯ ಇಯತ್ತೆಗೆ ಕೂಡ್ರಿಸಿದರು. ಈಗ ಎಂಟನೆಯದರಲ್ಲಿ ಇದ್ದಾಳೆ. ಮನೆಯಲ್ಲಿ ಲಗ್ನದ ಮಾತು ಆಗಲೇ ಒಂದು ಸಲ ಬಂದು ಹೋಗಿದೆ. ಅವಳ ಅಜ್ಜಿ "ಹತ್ತನೇದು ಆಗಲಿ" ಎಂದು ಅಡ್ಡ ನಿಂತಿದ್ದಾಳೆ. ಮುಂದೆ ಹೆಂಗೋ.

ಎರಡನೆಯ ವರ್ಷ ಸಂಘದಿಂದ ಮೂವರೇ ಬಂದರು. ಒಬ್ಬರಿಗೆ ಪರೀಕ್ಷೆ, ಒಬ್ಬನಿಗೆ ಪುಣೆಯಲ್ಲಿ ನೌಕರಿ. ಆ ನರ್ಸಿಂಗ್ ಹುಡುಗಿಗೂ ದವಾಖಾನೆಯ ಡ್ಯೂಟಿ ಹತ್ತಿತ್ತು. ಹರೆಯದವರ ಸಂಘ ಹೊಳೆಯಿದ್ದಂತೆ, ನೀರು ನಿಲ್ಲುವುದಿಲ್ಲ. ಆಗ ನಮ್ಮ ವಾಚನಾಲಯದಲ್ಲಿ ಮತ್ತೆ ಸಭೆ ಕೂಡಿತು. "ಮೊದಲ ಗಂಜಿ" ಎಂದು ಅಡ್ಡ ಮಾತಾಡಿದ ಆ ಹಿರಿಯರು ಈ ಸಲ ಸಭೆಯ ನಡುವೆ ಎದ್ದು ನಿಂತರು. "ಎರಡು ವರ್ಷ ಕಿಟಕಿ ಹೊರಗ ನಿಂತು ನೋಡೇನಿ. ಯಾವ ಕೂಸಿನ ಹೆಸರೂ ಬದಲಿ ಆಗಲಿಲ್ಲ. ಈ ವರ್ಷ ನಮ್ಮ ಮನೀದು ಎರಡು ಚೀಲ ಜೋಳ" ಎಂದರು. ನಾನು ಡೊಳ್ಳು ಹೆಗಲಿಗೆ ಹಾಕಿಕೊಂಡು ಜೋಳಿಗೆ ಹಿಡಿದು ಓಣಿ ಓಣಿ ತಿರುಗಿದೆ. ಗುಡಿಯ ಮುಂದಿನ ಮನೆಗಳು ಕೊಟ್ಟವು, ಮಸೂತಿ ಓಣಿ ಕೊಟ್ಟಿತು, ಚರ್ಚಿನ ಮನೆಗಳು ಎಂದಿನಂತೆ ಕೊಟ್ಟವು. ಕೊಡದವರೂ ಇದ್ದರು, ಅವರ ಹೆಸರು ಬೇಡ. ಒಬ್ಬ ಅಜ್ಜಿಯ ಮನೆಯಲ್ಲಿ ಕೊಡಲು ಏನೂ ಇರಲಿಲ್ಲ. "ದಿನಾ ರೊಟ್ಟಿ ನಾ ಬಡದ ಕೊಡತೇನಿ" ಎಂದಳು. ಹಾಗೆಯೇ ಮಾಡಿದಳು.

ಯಾರ ದೇವರು ದೊಡ್ಡವನು ಎಂಬ ವಾದಕ್ಕೆ ನಾನು ಎಷ್ಟೋ ರಾತ್ರಿ ಎದುರು ಮೇಳದ ಜೊತೆ ಪದ ಹಾಡಿದ್ದೇನೆ. ಅದು ಹಾಡಿನ ಆಟ, ಬೆಳಗಾದರೆ ಎರಡೂ ಮೇಳ ಕೂಡಿ ಚಹಾ ಕುಡಿಯುತ್ತೇವೆ. ಹಸಿದ ಮಗುವಿನ ಮುಂದೆ ಆ ಆಟ ಆಡಬಾರದು. ಕೊಡುವವರು ಕರಾರು ಹಾಕಬಾರದು, ನೋಡುವವರು ಕಣ್ಣು ಮುಚ್ಚಬಾರದು. ನಮ್ಮೂರ ಮಕ್ಕಳು ನಮ್ಮ ಕಣ್ಣಿಗೆ ಬಿದ್ದದ್ದು ಪರ ಊರಿನ ಆರು ಹುಡುಗರು ಬಂದು ತೋರಿಸಿದ ಮೇಲೆ. ಅದನ್ನು ನಾವು ಮರೆಯಬಾರದು.

ಈ ವರ್ಷ ಊರಲ್ಲಿ ಉಳಿಯುವ ಮಕ್ಕಳ ಲೆಕ್ಕ ಮೂವತ್ತೊಂದು. ಹುಲಜಂತಿ ಜಾತ್ರೆ ಮುಗಿಸಿ ಬಂದ ಮೂರನೆಯ ದಿನ ನಾನು ಜೋಳಿಗೆ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತೇನೆ. ಡೊಳ್ಳಿನ ಸಪ್ಪಳ ಕೇಳಿದರೆ ಹಿಟ್ಟಿನ ಡಬ್ಬಿಗೆ ಕೈ ಹಾಕಿರಿ. ಒಂದು ಹಿಡಿ ಸಾಕು. ಓದು ಬಂದವರು ಇದ್ದರೆ ಸಂಜೆ ಆರಕ್ಕೆ ವಾಚನಾಲಯದ ಪಡಸಾಲಿಗೆ ಬರ್ರಿ. ಬಾಗಿಲು ತೆರೆದೇ ಇರುತ್ತದೆ.