ಜಿಗಿ ಇಲ್ಲದ ಹಿಟ್ಟು

ಅಕ್ಕನ ಮಗಳು ಓದಲು ಜರ್ಮನಿಗೆ ಹೊರಟಿದ್ದಾಳೆ. ಅವಳಿಗೆ ಸಿಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಕಾಳಿನ ಗ್ಲುಟೆನ್ ಹೊಟ್ಟೆಗೆ ಹೋದರೆ ಕರುಳು ಹಾಳಾಗುತ್ತದೆ. ಜೀವನಪೂರ್ತಿ ಪಥ್ಯವೊಂದೇ ದಾರಿ.

ನಾರಾಯಣಪುರದ ನಮ್ಮ ಮನೆಯಲ್ಲಿ ಅವಳಿಗೆ ಕಟ್ಟಿಕೊಡಲು ಅವ್ವ ಎರಡು ದಿನದಿಂದ ರೊಟ್ಟಿ ಬಡಿಯುತ್ತಿದ್ದಾಳೆ. ಜೋಳದ ಹಿಟ್ಟಿಗೆ ಜಿಗಿ ಕಡಿಮೆ. ಕುದಿಯುವ ಎಸರು ಹಾಕಿ ಮಿದ್ದರಷ್ಟೇ ಅಂಚು ಒಡೆಯದೆ ಅಗಲವಾಗುತ್ತದೆ. ಗೋಧಿಗೆ ಜಿಗಿ ಕೊಡುವುದೇ ಗ್ಲುಟೆನ್, ಜೋಳದಲ್ಲಿ ಅದಿಲ್ಲ. ಒಲೆಯ ಪಕ್ಕ ನಿಲ್ಲಿಸಿ ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಪುಡಿ.

ಆದರೆ ಗಿರಣಿಯಲ್ಲಿ ಗೋಧಿ ಹಾಕಿದ ಕಲ್ಲಿಗೇ ಜೋಳ ಹಾಕುತ್ತಾರೆ, ಹಿಟ್ಟು ಬೆರೆಯುತ್ತದೆ. ಅದಕ್ಕೇ ಮೂಲೆಯಲ್ಲಿದ್ದ ಬೀಸುಕಲ್ಲು ತೊಳೆದು ಮನೆಯಲ್ಲೇ ಬೀಸಿದೆವು. ಅಂಗಡಿಯ ಇಂಗಿನ ಪುಡಿಗೂ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಡಬ್ಬಿಯ ಮೇಲೆ ಓದಿದ ಮೇಲೇ ನನಗೆ ಗೊತ್ತಾದದ್ದು. ಹಿಂಡಿಗೆ ಇಂಗು ಹಾಕಲಿಲ್ಲ.

ಜರ್ಮನಿಯಲ್ಲಿ ಅವಳಿಗೆ ಒಂದು ಅನುಕೂಲವಿದೆ. ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಯುರೋಪಿನಲ್ಲಿ 'ಗ್ಲುಟೆನ್ ರಹಿತ' ಎಂದು ಬರೆಯುವಂತಿಲ್ಲ. 'ಗ್ಲುಟೆನ್‌ಫ್ರೈ' ಎಂಬ ಜರ್ಮನ್ ಪದವನ್ನು ಅವ್ವನೂ ಕಲಿತಿದ್ದಾಳೆ. ತುಪ್ಪ ಮಾತ್ರ ಒಯ್ಯುವಂತಿಲ್ಲ, ಹಾಲಿನ ಪದಾರ್ಥ ಅಲ್ಲಿನ ಗಡಿಯೊಳಗೆ ಬಿಡುವುದಿಲ್ಲ.

ಈ ರೊಟ್ಟಿಯ ಜೋಳವೇ ನಮ್ಮ ಕಡೆ ಕಡಿಮೆಯಾಗಿದೆ; ಬಸವಸಾಗರ ಅಣೆಕಟ್ಟಿನ ಕಾಲುವೆ ನೀರು ಬಂದ ಮೇಲೆ ಭತ್ತ ಹೆಚ್ಚಿತು. ಹೊಲ ಇರುವವರು ಒಂದು ತುಂಡಿನಲ್ಲಾದರೂ ಬಿಳಿಜೋಳ ಬಿತ್ತಿರಿ.