ಔಷಧವಾಗಿದ್ದ ಕಟ್ಟಡ

ಫಿನ್‌ಲೆಂಡಿನ ನೈರುತ್ಯ ಭಾಗದಲ್ಲಿ, ತುರ್ಕು ನಗರಕ್ಕೆ ಅನತಿದೂರದ ಪೈಮಿಯೋ ಎಂಬಲ್ಲಿ, ಪೈನ್ ಮರಗಳ ಕಾಡಿನ ನಡುವೆ ಬೆಳ್ಳನೆಯ ಸೌಧವೊಂದು ತಲೆಯೆತ್ತಿ ನಿಂತಿದೆ. ಕ್ಷಯರೋಗಿಗಳಿಗೆಂದೇ ಕಟ್ಟಿಸಿದ ಆರೋಗ್ಯಧಾಮವದು. 1929ರಲ್ಲಿ ಸ್ಪರ್ಧೆ ಗೆದ್ದ ತರುಣ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಇದರ ನಕ್ಷೆಯನ್ನು ರಚಿಸಿದನು. ಪತ್ನಿ ಐನೋ ಅವನಿಗೆ ನೆರವಾದಳು. 1933ರಲ್ಲಿ ಬಾಗಿಲು ತೆರೆಯಿತು.

ಆಗ ಕ್ಷಯಕ್ಕೆ ಮದ್ದಿರಲಿಲ್ಲ. ಬಿಸಿಲು, ಶುದ್ಧ ವಾಯು, ವಿಶ್ರಾಂತಿ, ಇವೇ ಚಿಕಿತ್ಸೆ. ಆದುದರಿಂದ ಕಟ್ಟಡವೇ ಔಷಧದ ಕೆಲಸ ಮಾಡಬೇಕಾಗಿದ್ದಿತು. ತಿಂಗಳುಗಟ್ಟಲೆ ಮಲಗಿರುವವನ ಕಣ್ಣಿಗೆ ಸದಾ ಬೀಳುವುದು ಛಾವಣಿ. ಅದಕ್ಕೆಂದೇ ಅದಕ್ಕೆ ಕಣ್ಣು ಕುಕ್ಕದ ಹಸುರು ಬಣ್ಣ. ಕೊಠಡಿಗೆ ಇಬ್ಬರು ರೋಗಿಗಳು. ಒಬ್ಬನು ಕೈತೊಳೆದರೆ ಇನ್ನೊಬ್ಬನ ನಿದ್ರೆ ಕೆಡಬಾರದೆಂದು, ನೀರು ಸದ್ದಿಲ್ಲದೆ ಓರೆಯಾಗಿ ಜಾರುವಂತಹ ಪಿಂಗಾಣಿ ಬೋಗುಣಿ! ವೈದ್ಯರ ನಿಲುವಂಗಿಯ ತೋಳು ಸಿಕ್ಕಿಕೊಳ್ಳದಂತೆ ಬಾಗಿಲ ಹಿಡಿಯನ್ನೂ ಬಾಗಿಸಿದ್ದಾರೆ. ಅರಮನೆ ಕಟ್ಟುವವರಿಗೂ ಇಷ್ಟು ಕನಿಕರ ಹೊಳೆಯುವುದು ಅಪರೂಪ. ಉಸಿರಾಟ ಸುಗಮವಾಗಲೆಂದು ಬೆನ್ನನ್ನು ಹಿಂದಕ್ಕೆ ವಾಲಿಸಿ ಮಾಡಿದ ಬರ್ಚ್ ಮರದ ಕುರ್ಚಿ ಇಂದು ಜಗತ್ಪ್ರಸಿದ್ಧವಾಗಿದೆ. ಕೊರೆಯುವ ಚಳಿಯಲ್ಲಿಯೂ ರೋಗಿಗಳನ್ನು ಬೆಚ್ಚಗೆ ಹೊದಿಸಿ, ತೆರೆದ ಮೊಗಸಾಲೆಗಳಲ್ಲಿ ಸಾಲಾಗಿ ಮಲಗಿಸುತ್ತಿದ್ದರು.

1943ರಲ್ಲಿ ಅಮೆರಿಕೆಯಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಬಂದಿತು. ಕಾಡಿನ ಗಾಳಿಯಿಂದಾಗದುದು ಸೂಜಿಮದ್ದಿನಿಂದಾಯಿತು. ಕ್ರಮೇಣ ಕ್ಷಯರೋಗಿಗಳು ಕಡಿಮೆಯಾಗಿ, 1960ರ ದಶಕದಲ್ಲಿ ಇದು ಸಾಮಾನ್ಯ ಆಸ್ಪತ್ರೆಯಾಯಿತು. ಬಿಸಿಲ ಮೊಗಸಾಲೆಗಳಿಗೆ ಗಾಜು ಹಾಕಿ ಮುಚ್ಚಿದರು. ಆ ಆಸ್ಪತ್ರೆಯೂ ಈಗಿಲ್ಲ. 2020ರಿಂದ ಪ್ರತಿಷ್ಠಾನವೊಂದು ಕಟ್ಟಡವನ್ನು ನೋಡಿಕೊಳ್ಳುತ್ತಿದೆ. ರೋಗಿಗಳ ಕೊಠಡಿಯೊಂದನ್ನು ಮೊದಲಿದ್ದಂತೆಯೇ ಸಜ್ಜುಗೊಳಿಸಿದ್ದಾರೆ: ಎರಡು ಮಂಚ, ಎರಡು ಬೋಗುಣಿ, ಮೇಲೆ ಹಸುರು ಛಾವಣಿ.